ಕಾರಿಗೆ ಡೆಂಟ್ ಹಾಕಿಸಲು ಹೊರಟ ಬನ್ನಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇಕರಿಯ ಹಿಂದಿನ ಅಂಗಳದಲ್ಲಿ ಒಂದು ಕಾರು ನಿಂತಿದೆ. ಕಾರು ಅಂದರೆ ಈಗಿನ ಕಾಲದ್ದಲ್ಲ. ಉಬ್ಬಿದ ಮೂಗು, ಎರಡೂ ಕಡೆ ದುಂಡನೆಯ ಮಡ್‌ಗಾರ್ಡು, ಕಪ್ಪೆಗಣ್ಣಿನ ದೀಪಗಳು, ಎಪ್ಪತ್ತು ದಾಟಿದ ಮುದುಕಿ. ಹಿಂದಿನ ಬಾಗಿಲು ತೆರೆದು, ಸೀಟು ಇರಬೇಕಾದ ಜಾಗದಲ್ಲಿ ಹೊಂದಿಸಿದ ಹಲಗೆಗಳ ಮೇಲೆ ಬಿಸಿ ಬ್ರೆಡ್ಡಿನ ಟ್ರೇಗಳನ್ನು ಒಂದೊಂದಾಗಿ ತಳ್ಳುತ್ತಿರುವ ಹೆಂಗಸಿಗೂ ಅರವತ್ತು ದಾಟಿದೆ. ಮೈಮೇಲೆ ಗಂಡನ ಹಳೆಯ ಖಾಕಿ ಅಂಗಿ, ತೋಳು ಮೊಣಕೈವರೆಗೆ ಮಡಚಿದೆ, ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಒರೆಸುವ ಬಟ್ಟೆ. ಕೊನೆಯ ಟ್ರೇ ಸೇರಿಸಿ ಬಾಗಿಲನ್ನು ಸೊಂಟದಿಂದ ಒತ್ತಿ ಮುಚ್ಚುತ್ತಾರೆ.

ನಾನು ಮುಂದಿನ ಸೀಟಿಗೆ ಹತ್ತಿ, ಅಭ್ಯಾಸಬಲದಿಂದ ಬಾಗಿಲನ್ನು ಧಡ್ ಎಂದು ಹಾಕುತ್ತೇನೆ. ತಕ್ಷಣ ಬೈಗುಳ ಬೀಳುತ್ತದೆ. "ಮೆಲ್ಲಗೆ ಸರ್, ಮೆಲ್ಲಗೆ! ಅದೇನು ನಿಮ್ಮನೆ ಫ್ರಿಜ್ಜಿನ ಬಾಗಿಲಾ?"

ಚೋಕ್ ಎಳೆಯುತ್ತಾರೆ, ಸ್ಟಾರ್ಟರ್ ಒತ್ತುತ್ತಾರೆ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಎರಡನೆಯ ಸಲ ಮುನಿಸಿಕೊಂಡೇ ಎದ್ದು, ಗುಡುಗುಡು ಎನ್ನುತ್ತ ಇಡೀ ಅಂಗಳವನ್ನು ಎಬ್ಬಿಸುತ್ತದೆ. ಭಟ್ಟಿಯ ಮುಂದೆ ನಿಂತ ಬೇಕರಿಯವನು ಹಿಟ್ಟಿನ ಕೈ ಎತ್ತಿ ಟಾಟಾ ಮಾಡುತ್ತಾನೆ. ನಾವು ಹೊರಡುತ್ತೇವೆ.

ಈ ಊರಿನ ಅರ್ಧ ಜನ ಬೆಳಿಗ್ಗೆ ತಿನ್ನುವ ಬ್ರೆಡ್ಡು, ಬನ್ನು ಈ ಕಾರಿನಲ್ಲೇ ಬರುತ್ತದೆ. ಕಾರು ಎಲ್ಲರಿಗೂ ಗೊತ್ತು, ಓಡಿಸುವವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಮಕ್ಕಳು ಇಟ್ಟ ಹೆಸರು ಬನ್ನಮ್ಮ, ಅದೇ ಉಳಿದುಬಿಟ್ಟಿದೆ. "ಪೋಸ್ಟ್‌ಮ್ಯಾನೂ ಬನ್ನಮ್ಮ ಅಂತಾನೇ ಕೂಗ್ತಾನೆ. ನನ್ನ ನಿಜವಾದ ಹೆಸರು ಕರೆದ್ರೆ ನಾನೇ ತಿರುಗಿ ನೋಡಲ್ಲ ಈಗ," ಎಂದು ನಗುತ್ತಾರೆ.

ದಿನಕ್ಕೆ ಎಷ್ಟು ಬ್ರೆಡ್ಡು, ಎಷ್ಟು ಕಿಲೋಮೀಟರ್ ಎಂದು ಪತ್ರಕರ್ತನ ಚಾಳಿಯಂತೆ ಕೇಳುತ್ತೇನೆ. ಇನ್ನೂರರ ಮೇಲೆ ಬ್ರೆಡ್ಡು, ಅದರ ಎರಡರಷ್ಟು ಬನ್ನು, ಇಪ್ಪತ್ತು ಕಿಲೋಮೀಟರಿನ ಆಸುಪಾಸು ಎನ್ನುತ್ತಾರೆ. ಆಸ್ಪತ್ರೆಯ ಕ್ಯಾಂಟೀನು ಮೊದಲು, ಆಮೇಲೆ ವಿದ್ಯಾರ್ಥಿಗಳ ಹಾಸ್ಟೆಲ್ಲು, ಆಮೇಲೆ ಬಸ್ ನಿಲ್ದಾಣದ ಸುತ್ತಲಿನ ಚಹಾದಂಗಡಿಗಳು. ಆಸ್ಪತ್ರೆ ಯಾಕೆ ಮೊದಲು ಅಂದರೆ, ರಾತ್ರಿಯಿಡೀ ರೋಗಿಯ ಪಕ್ಕ ಕೂತವರಿಗೆ ಬೆಳಗಾದ ಕೂಡಲೇ ಹೊಟ್ಟೆ ಚುರುಗುಟ್ಟುತ್ತದಂತೆ. ಅದು ಅವರೇ ಅಲ್ಲಿ ಕೂತು ಕಲಿತದ್ದು.

ಗೇರು ಬದಲಿಸುವುದನ್ನು ನೋಡಬೇಕು. ಈ ಗಾಡಿಗೆ ಒಂದು ಸಲ ಕ್ಲಚ್ ಒತ್ತಿದರೆ ಸಾಲದು. ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು, ಇಲ್ಲದಿದ್ದರೆ ಒಳಗಿಂದ ಕರಕರ ಸದ್ದು. ಅವರ ಕಾಲು ಹೊಲಿಗೆ ಯಂತ್ರ ತುಳಿದಷ್ಟು ಸಲೀಸಾಗಿ ಆಡುತ್ತದೆ. ತಿರುವು ಬಂದಾಗ ಒಂದು ಗುಂಡಿ ತಿರುಗಿಸಿದರೆ ಬಾಗಿಲ ಪಕ್ಕದ ಕಂಬದಿಂದ ಒಂದು ಪುಟ್ಟ ಕೆಂಪು ಕೈ, ಆ ಕಾಲದ ಇಂಡಿಕೇಟರ್, ಹೊರಗೆ ಚಾಚಿಕೊಳ್ಳುತ್ತದೆ. ಹಿಂದೆ ಬರುವ ಬೈಕಿನವರಿಗೆ ಅದೇನೆಂದು ಅರ್ಥವಾಗುವುದಿಲ್ಲ, ಹಾಗಾಗಿ ಬನ್ನಮ್ಮ ತಮ್ಮ ಕೈಯನ್ನೂ ಹೊರಗೆ ಹಾಕುತ್ತಾರೆ.

ನಮ್ಮ ಸಂಪಾದಕರು ನನ್ನನ್ನು ಕಳಿಸಿದಾಗ ಹೇಳಿದ್ದು ಇಷ್ಟೇ: ಹಳೇ ಕಾರು, ಹಳೇ ಜೋಡಿ, ಮಜವಾಗಿ ಬರಿ. ನಾನೂ ಮಜವಾಗಿಯೇ ಬರೆಯಲು ಹೋದೆ. ಆಸ್ಪತ್ರೆಯ ಗೇಟಿನ ಹತ್ತಿರ ಸುಮ್ಮನೆ ಒಂದು ಮಾತು ಕೇಳಿದೆ. "ಯಜಮಾನರು ನಿಮ್ಮ ಜೊತೆ ಬರಲ್ವೇನಮ್ಮಾ?"

ಬನ್ನಮ್ಮ ಗಾಡಿ ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು. "ನೀವು ಕೂತಿದೀರಲ್ಲ, ಅದು ಅವರ ಜಾಗ," ಎಂದರು. "ಒಂದೂವರೆ ವರ್ಷ ಆಯ್ತು ಅಲ್ಲಿ ಕೂತು. ಟ್ರೇ ಇಳಿಸೋಣ ಬನ್ನಿ."

ಮಜದ ಲೇಖನ ಅಲ್ಲಿಗೇ ಮುಗಿಯಿತು.

ಕತೆ ಮೊದಲಿಂದ ಹೇಳುವುದಾದರೆ, ಈ ಕಾರು ಬನ್ನಮ್ಮನಿಗಿಂತ ಮೊದಲೇ ಆ ಮನೆಗೆ ಬಂದದ್ದು. ಅವರ ಗಂಡ ಒಂದು ದೊಡ್ಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಯಾರೋ ಬಿಟ್ಟುಹೋದ ಗಾಡಿ, ಮೂಲೆಯಲ್ಲಿ ತುಕ್ಕು ಹಿಡಿದು ಕೂತಿತ್ತು, ಒಳಗೆ ಬೆಕ್ಕು ಮರಿ ಹಾಕಿತ್ತು. ಗ್ಯಾರೇಜಿನ ಮಾಲೀಕ 'ಎಳ್ಕೊಂಡು ಹೋಗು, ಜಾಗ ಖಾಲಿಯಾದ್ರೆ ಸಾಕು' ಎಂದ. ಇವರು ನಿಜವಾಗಿಯೂ ಎಳೆದುಕೊಂಡೇ ಹೋದರು. ರಜಾ ದಿನಗಳನ್ನೆಲ್ಲ ಅದಕ್ಕೇ ಸುರಿದು, ಮೂರು ವರ್ಷಕ್ಕೆ ರಸ್ತೆಗೆ ಇಳಿಸಿದರು.

"ಮದುವೆಯಾಗಿ ಬಂದ್ರೆ ಮನೇಲಿ ಸವತಿ ಕೂತಿದ್ಲು," ಎನ್ನುತ್ತಾರೆ ಬನ್ನಮ್ಮ. "ನನ್ನ ಮುಖ ನೋಡೋಕೆ ಮುಂಚೆ ಅವಳ ಎಣ್ಣೆ ನೋಡ್ತಿದ್ರು. ನಾನು ಸಿಟ್ಟು ಮಾಡ್ಕೊಂಡು ತವರಿಗೆ ಹೊರಟ್ರೆ, ಬಿಟ್ಟು ಬರೋದಕ್ಕೂ ಅವಳೇ ಬೇಕು. ಅರ್ಧ ದಾರಿಗೆ ನಗು ಬಂದು ವಾಪಸ್ ಬಂದ್ವಿ."

ಯಜಮಾನರು ಗ್ಯಾರೇಜು ಬಿಟ್ಟು ಈ ಕಾರಿನಲ್ಲೇ ಬೇಕರಿಯ ಬ್ರೆಡ್ಡು ಸಾಗಿಸಲು ಶುರು ಮಾಡಿದರು. ಚೆನ್ನಾಗಿಯೇ ನಡೆದಿತ್ತು. ನಲವತ್ತೈದು ತುಂಬುವ ಹೊತ್ತಿಗೆ ಕಣ್ಣಿನ ಒತ್ತಡದ ಕಾಯಿಲೆ ಹಿಡಿಯಿತು. ಮೊದಲು ಪಕ್ಕದಿಂದ ಬರುವ ಸೈಕಲ್ಲು ಕಾಣಲಿಲ್ಲ. ಆಮೇಲೆ ಪಕ್ಕ ಪೂರ್ತಿ ಹೋಯಿತು, ಕೊಳವೆಯಲ್ಲಿ ನೋಡಿದ ಹಾಗೆ ಮುಂದಿನದಷ್ಟೇ ಉಳಿಯಿತು. ವೈದ್ಯರು ಇನ್ನೆರಡು ವರ್ಷ ಎಂದರು. ಅವರು ಆ ಎರಡು ವರ್ಷವನ್ನು ಹೆಂಡತಿಗೆ ಡ್ರೈವಿಂಗ್ ಕಲಿಸಲು ಬಳಸಿದರು.

ಅದು ಸಾಮಾನ್ಯ ಪಾಠವಲ್ಲ. ಮೈದಾನದಲ್ಲಿ ಬನ್ನಮ್ಮ ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರೆ, ಪಕ್ಕದಲ್ಲಿ ಗಂಡ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮುಂದೆ ಬರೀ ಕಿವಿಯಿಂದ ಕಲಿಸಬೇಕಾಗುತ್ತದಲ್ಲ, ಅದರ ತಾಲೀಮು. "ಗೇರಿನ ಹಲ್ಲು ಕಡೀಬೇಡ ಕಣೇ, ಅದಕ್ಕೆ ಹಲ್ಲಿನ ಡಾಕ್ಟರ್ ಸಿಗಲ್ಲ ಅಂತ ಕೂಗೋರು. ಎಷ್ಟು ಬೈದಿದಾರೆ ಅಂತೀರಿ! ಬೈಸ್ಕೊಂಡೇ ಲೈಸೆನ್ಸ್ ತಗೊಂಡೆ. ಬೀದಿಯವರು ನಗ್ತಿದ್ರು, ನೋಡ್ರೋ, ಕಣ್ಣಿಲ್ಲದವನು ದಾರಿ ತೋರಿಸ್ತಾನೆ ಅಂತ. ನಗ್ಲಿ ಬಿಡಿ. ಹೊಟ್ಟೆ ತುಂಬಿದ್ದು ಅದೇ ದಾರೀಲಿ."

ಆಮೇಲೆ ಅಷ್ಟೂ ವರ್ಷ ಇಬ್ಬರೂ ಸೇರಿ ಒಬ್ಬ ಡ್ರೈವರ್. ಬನ್ನಮ್ಮ ಓಡಿಸುವುದು, ಯಜಮಾನರು ಪಕ್ಕದಲ್ಲಿ ಕೂತು ಸದ್ದು ಕೇಳುವುದು. ಮನೆಗೆ ಬಂದ ಮೇಲೆ ಗಾಡಿ ಅವರ ಕೈಗೆ. ದಿನಾ ಬಾನೆಟ್ ಎತ್ತಿ, ರೇಡಿಯೇಟರಿನ ರಬ್ಬರ್ ಪೈಪಿನಿಂದ ಹಿಡಿದು ಒಂದೊಂದನ್ನೇ ಮುಟ್ಟಿಕೊಂಡು ಹೋಗುತ್ತಿದ್ದರು. ಪೈಪು ಎಷ್ಟು ಬಿಸಿ, ಬೆಲ್ಟು ಎಷ್ಟು ಸಡಿಲ, ಯಾವ ಕೀಲಿಂದ ಎಣ್ಣೆ ಒಸರಿದೆ, ಎಲ್ಲ ಬೆರಳಿಗೆ ಗೊತ್ತಾಗುತ್ತಿತ್ತು. ಗಾಡಿಯ ಬಳಿಗೆ ಹೋಗಲು ಕೋಲು ಕೂಡ ಹಿಡಿಯುತ್ತಿರಲಿಲ್ಲ. ಎಡಗಡೆಯ ಮಡ್‌ಗಾರ್ಡಿನಲ್ಲಿ ಬಟ್ಟಲಗಲದ ಒಂದು ಡೆಂಟ್ ಇತ್ತು, ಬನ್ನಮ್ಮ ಕಲಿಯುವಾಗ ಗೇಟಿಗೆ ಗುದ್ದಿದ್ದು. ಕೈಗೆ ಆ ಡೆಂಟ್ ಸಿಕ್ಕಿತೋ, ಅಲ್ಲಿಂದ ಅವರಿಗೆ ಇಡೀ ಕಾರು ಕಾಣುತ್ತಿತ್ತು.

ಇಷ್ಟನ್ನು ಬನ್ನಮ್ಮ ಹೇಳಿದ್ದು ಬಸ್ ನಿಲ್ದಾಣದ ಚಹಾದಂಗಡಿಯ ಬೆಂಚಿನ ಮೇಲೆ. ಇಲ್ಲಿಯವರೆಗೆ ನಗುನಗುತ್ತ ಹೇಳಿದವರು ಇಲ್ಲಿಂದ ಮುಂದೆ ಗ್ಲಾಸನ್ನೇ ನೋಡುತ್ತ ಕೂತರು. ಚಹಾ ಆರಿಹೋಯಿತು.

ಹಳೆಯ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ವರ್ಕ್‌ಶಾಪಿನವನೊಬ್ಬ ದಾರಿಯಲ್ಲಿ ಈ ಗಾಡಿ ನೋಡಿ ಬೆನ್ನು ಬಿದ್ದನಂತೆ. ನನಗೆ ಕೊಡಿ, ಪೈಸೆ ಬೇಡ, ನಾಲ್ಕು ತಿಂಗಳಲ್ಲಿ ಮದುವಣಗಿತ್ತಿ ಮಾಡಿಕೊಡುತ್ತೇನೆ, ಹಳೇ ಕಾರುಗಳ ಪ್ರದರ್ಶನದಲ್ಲಿ ಒಂದು ದಿನ ನನ್ನ ಬೋರ್ಡಿನ ಕೆಳಗೆ ನಿಂತರೆ ಸಾಕು ಎಂದ. ಬನ್ನಮ್ಮನಿಗೆ ಗಂಡನ ಮಾತು ನೆನಪಾಯಿತು. ಕಣ್ಣಿದ್ದ ಕಾಲದಲ್ಲಿ ಅವರು ಗಾಡಿ ಒರೆಸುತ್ತ ಹೇಳುತ್ತಿದ್ದರಂತೆ: ಒಂದು ದಿನ ಇವಳನ್ನ ಷೋರೂಮಿಂದ ಇಳಿದ ಹಾಗೆ ಮಾಡ್ತೀನಿ ನೋಡ್ತಿರು.

"ಅವರ ಆಸೆ ನಾನು ತೀರಿಸೋಣ ಅಂದ್ಕೊಂಡೆ ಸರ್. ಹೇಳದೇ ಮಾಡಿಸಿ, ತಂದು ಮುಂದೆ ನಿಲ್ಸಿ, ಕೈ ಹಿಡ್ಕೊಂಡು ತೋರಿಸೋಣ ಅಂತ. ಗೇರ್‌ಬಾಕ್ಸ್ ಕೆಲಸ ಇದೆ ಅಂತ ಸುಳ್ಳು ಹೇಳಿದೆ. ನಾನೂ ಬರ್ತೀನಿ ವರ್ಕ್‌ಶಾಪಿಗೆ, ಕೈಯಾಡಿಸಿ ನೋಡ್ತೀನಿ ಅಂತ ಎಷ್ಟು ಸಲ ಕೇಳಿದ್ರು. ಬೇಡ ಬೇಡ ಅಂತ ತಪ್ಪಿಸ್ದೆ. ಒಂದು ಮಾತು ಕೇಳಿದ್ದಿದ್ರೆ ಅವರೇ ಬೇಡ ಅಂತಿದ್ರು. ಕೇಳಲಿಲ್ಲ. ನೋಡೋಕೆ ಕಣ್ಣೇ ಇಲ್ಲದವರಿಗೆ ಬಣ್ಣ ಹೊಡೆಸೋಕೆ ಹೋದೆ ನಾನು, ಎಂಥಾ ಬುದ್ಧಿ ಅಂತೀನಿ!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಅನ್ನುತ್ತೇವಲ್ಲ, ಹಾಗಾಯಿತು. ಗಾಡಿ ಮನೆಗೆ ಬಂದ ದಿನ ಬೀದಿಗೆ ಬೀದಿಯೇ ಸೇರಿತ್ತು. ಕೆನೆ ಬಣ್ಣ, ಕನ್ನಡಿಯಂಥ ಹೊಳಪು, ಹೊಸ ಸೀಟು, ಹೊಸ ಸ್ಟೀರಿಂಗು, ಹೊಸ ವೈರುಗಳು. ಬನ್ನಮ್ಮ ಗಂಡನ ಕೈ ಹಿಡಿದು ಮಡ್‌ಗಾರ್ಡಿನ ಮೇಲೆ ಇಟ್ಟರು. ಅವರು ಸವರಿದರು, ಮತ್ತೆ ಸವರಿದರು. ಡೆಂಟ್ ಎಲ್ಲಿ ಎಂದು ಕೇಳಿದರು. ತೆಗೆಸಿಬಿಟ್ಟೆ ಎಂದು ಬನ್ನಮ್ಮ ಜೋರಾಗಿ ನಕ್ಕರು, ಬೀದಿಯವರು ಚಪ್ಪಾಳೆ ತಟ್ಟಿದರು. ಅವರು ಒಳಗೆ ಕೂತು ಸ್ಟೀರಿಂಗು ಮುಟ್ಟಿದರು, ಚೋಕಿನ ಗುಂಡಿಗಾಗಿ ತಡಕಾಡಿದರು, ಅದು ಬೇರೆ ಜಾಗದಲ್ಲಿತ್ತು. ಚೆನ್ನಾಗಿದೆ ಎಂದರು. "ಪಕ್ಕದ ಮನೆಯವರ ಸೋಫಾ ನೋಡಿ ಹೇಳ್ತೀವಲ್ಲ, ಚೆನ್ನಾಗಿದೆ ಅಂತ, ಹಾಗೆ ಹೇಳಿದ್ರು," ಎನ್ನುತ್ತಾರೆ ಬನ್ನಮ್ಮ.

ಆಮೇಲೆ ಅವರು ಇಳಿದು, ಇಷ್ಟು ವರ್ಷದ ರೂಢಿಯಂತೆ ಮುಂದೆ ಹೋಗಿ ಬಾನೆಟ್ ಎತ್ತಿದರು. ಹಳೆಯ ಕಾರಿನಲ್ಲಿ ರೇಡಿಯೇಟರಿನ ಫ್ಯಾನನ್ನು ತಿರುಗಿಸುವುದು ಎಂಜಿನ್ನೇ, ಬೆಲ್ಟಿನ ಮೂಲಕ. ಎಂಜಿನ್ ನಿಂತರೆ ಫ್ಯಾನೂ ನಿಂತಿತು. ಕಣ್ಣಿಲ್ಲದ ಮೆಕ್ಯಾನಿಕ್ ಅಲ್ಲಿ ಧೈರ್ಯವಾಗಿ ಕೈ ಹಾಕಬಹುದಾಗಿದ್ದು ಆ ಒಂದೇ ನಂಬಿಕೆಯಿಂದ. ವರ್ಕ್‌ಶಾಪಿನವನು ಗಾಡಿ ಬಿಸಿಯಾಗದಿರಲಿ ಎಂದು ಹೊಸ ಕಾರುಗಳ ಕರೆಂಟಿನ ಫ್ಯಾನ್ ಹಾಕಿದ್ದ. ಅದು ಎಂಜಿನ್ ಆಫ್ ಆಗಿದ್ದರೂ ಶಾಖ ಏರಿದರೆ ತಾನಾಗಿಯೇ ತಿರುಗುತ್ತದೆ. ಬನ್ನಮ್ಮನಿಗೆ ಅವನು ಹೇಳಿಯೂ ಇದ್ದ. ಒಳ್ಳೇದೇ ಆಯ್ತು ಎಂದು ಇವರು ತಲೆಯಾಡಿಸಿದ್ದರು.

ಪೈಪು ಮುಟ್ಟಲು ಯಜಮಾನರು ಬಲಗೈ ಇಳಿಸಿದರು. ಅದೇ ಗಳಿಗೆಗೆ ಫ್ಯಾನು ತಿರುಗಿತು.

ತೋರುಬೆರಳು, ಮಧ್ಯದ ಬೆರಳು. ಎರಡನ್ನೂ ವೈದ್ಯರು ಹೊಲಿಗೆ ಹಾಕಿ ಉಳಿಸಿದರು. ಆದರೆ ತುದಿಯ ನರ ಸತ್ತಿದೆ, ಅಲ್ಲಿ ಸ್ಪರ್ಶವಿಲ್ಲ. ಬಿಸಿ ಯಾವುದು, ತಣ್ಣಗೆ ಯಾವುದು, ನಯ ಯಾವುದು, ತುಕ್ಕು ಯಾವುದು ಆ ಬೆರಳುಗಳಿಗೆ ತಿಳಿಯುವುದಿಲ್ಲ. ಗಂಡನ ಪಕ್ಕ ಆಸ್ಪತ್ರೆಯಲ್ಲಿ ರಾತ್ರಿ ಕಳೆದ ಬನ್ನಮ್ಮನಿಗೆ ಬೆಳಗಿನ ಹಸಿವಿನ ವಿಷಯ ತಿಳಿದದ್ದು ಆಗಲೇ.

"ಒಂದ್ಸಲ ದೇವರು ಅವರ ಕಣ್ಣು ಕಿತ್ಕೊಂಡ," ಎಂದರು. "ಎರಡನೇ ಸಲ ನಾನೇ ಕಿತ್ಕೊಂಡೆ."

ನಿಮ್ಮ ತಪ್ಪೇನಿದೆ ಬಿಡಿ ಎಂದು ಬಾಯುಪಚಾರಕ್ಕೆ ಹೇಳಬಹುದಿತ್ತು. ಅದನ್ನು ಅವರು ಊರವರ ಬಾಯಲ್ಲಿ ಸಾಕಷ್ಟು ಕೇಳಿ ಆಗಿದೆ, ಒಮ್ಮೆಯೂ ನಂಬಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಸುಮ್ಮನೆ ಕೂರುವ ಜೀವವಲ್ಲ ಅದು. ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನವೇ ಅವರು ವರ್ಕ್‌ಶಾಪಿಗೆ ಹೋಗಿ ಹಿತ್ತಲಿನ ಗುಜರಿ ರಾಶಿಯಲ್ಲಿ ಕೂತರು. ಹಳೆಯ ಫ್ಯಾನು ಸಿಕ್ಕಿತು, ಸವೆದ ಸ್ಟೀರಿಂಗು ಸಿಕ್ಕಿತು, ಅಂಚು ಒಡೆದ ಚೋಕಿನ ಗುಂಡಿ ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕಿತು. ಕರೆಂಟಿನ ಫ್ಯಾನನ್ನು ತಾವೇ ಬಿಚ್ಚಿ ಎಸೆದರು. ಅಲ್ಲಿಯವರೆಗೆ ಸ್ಪ್ಯಾನರನ್ನು ಗಂಡನ ಕೈಗೆ ಕೊಡುವುದಷ್ಟೇ ಗೊತ್ತಿದ್ದವರು, ಈಗ ಬೆಲ್ಟು ಬಿಗಿಯುತ್ತಾರೆ, ಪ್ಲಗ್ಗು ತಿಕ್ಕುತ್ತಾರೆ, ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಾರೆ. ಹೊಸ ಹಿಂದಿನ ಸೀಟನ್ನು ಕಿತ್ತು ಮತ್ತೆ ಹಲಗೆ ಹಾಕಿದ್ದಾರೆ. ಜನ ಹಳೇ ಕಾರನ್ನು ಹೊಸದು ಮಾಡುತ್ತಾರೆ. ಇವರು ಹೊಸದಾದ ಕಾರನ್ನು ಹಳೇದು ಮಾಡುತ್ತಿದ್ದಾರೆ.

ಸೋತದ್ದು ಆ ಡೆಂಟಿನ ಹತ್ತಿರ. ಟಿಂಕರಿಂಗ್ ಮಾಡುವವನ ಹತ್ತಿರ ಹೋಗಿ, ಎಡಗಡೆ ಮಡ್‌ಗಾರ್ಡಿಗೆ ಒಂದು ಡೆಂಟ್ ಹಾಕಿಕೊಡು, ಇಷ್ಟಗಲ, ಇಲ್ಲಿ ಎಂದರಂತೆ. ಅವನು ಸುತ್ತಿಗೆ ಕೆಳಗಿಟ್ಟುಬಿಟ್ಟ. "ಅಮ್ಮಾ, ಡೆಂಟ್ ತೆಗೆಸೋಕೆ ಬರೋರನ್ನ ನೋಡಿದೀನಿ, ಹಾಕ್ಸೋಕೆ ಬಂದಿರೋದು ನೀವೊಬ್ರೇ. ಮನೇಲಿ ಎಲ್ಲ ಕ್ಷೇಮ ತಾನೇ?" ಎಂದನಂತೆ. ಕೊನೆಗೆ ಕಾಟ ತಡೆಯಲಾರದೆ ಹೊಡೆದುಕೊಟ್ಟ. ಅದು ಸರಿಯಾಗಲಿಲ್ಲ. ಬಟ್ಟಲಿನ ಹಾಗೆ ಒಳಗಿಳಿಯುವ ಬದಲು ಚೂಪಾಗಿ ಬಿತ್ತು. ಮತ್ತೆ ತುಂಬಿಸಿ, ಮತ್ತೆ ಹೊಡೆಸಿದ್ದಾರೆ. ಇದು ಮೂರನೆಯದು, ಇದೂ ಅದಲ್ಲ ಎನ್ನುತ್ತಾರೆ ಬನ್ನಮ್ಮ, ಹೆಬ್ಬೆರಳಿನಿಂದ ಅದನ್ನು ತಿಕ್ಕುತ್ತ.

ಇಷ್ಟೆಲ್ಲ ಯಾಕೆಂದರೆ, ಅಂದಿನಿಂದ ಯಜಮಾನರು ಆ ಗಾಡಿಯನ್ನು ಮುಟ್ಟಿಲ್ಲ. ಬೈದಿಲ್ಲ, ಕೂಗಾಡಿಲ್ಲ. ಕಾರಿನ ಮಾತು ಬಂದರೆ ಚೆನ್ನಾಗಿ ಓಡ್ತಿದೆಯಲ್ಲ ಎನ್ನುತ್ತಾರೆ, ಮುಗಿಯಿತು. "ಬೈದ್ರೆ ಎಷ್ಟೋ ಹಗುರ ಆಗ್ತಿತ್ತು ಸರ್. ಗೇರು ಕರ್ ಅಂದ್ರೆ ಮನೆ ಹಾರಿಹೋಗೋ ಹಾಗೆ ಕಿರುಚ್ತಿದ್ದ ಮನುಷ್ಯ. ಈಗ ನಾನು ಬೇಕೂಂತಾನೇ ಮನೆ ಮುಂದೆ ಗೇರು ಕರಕರ ಅನ್ನಿಸ್ತೀನಿ. ಒಂದು ಮಾತಿಲ್ಲ. ನನಗೆ ಬೇರೇನೂ ಬೇಡ. ಮೊದ್ಲಿನ ಹಾಗೆ ಆ ಬಾನೆಟ್ ಒಳಗೆ ಒಂದ್ಸಲ ಕೈ ಇಟ್ರೆ ಸಾಕು."

ಅವರ ಮನೆ ಎರಡು ಕೋಣೆಯದು. ಪಕ್ಕದಲ್ಲಿ ತಗಡಿನ ಷೆಡ್ಡು, ಅಲ್ಲಿ ಗಾಡಿ. ನಾವು ತಲುಪಿದಾಗ ಯಜಮಾನರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತೆಳ್ಳಗಿನ, ಉದ್ದನೆಯ ಆಳು, ಗಡ್ಡ ನುಣ್ಣಗೆ ಬೋಳಿಸಿದೆ. ಪೇಪರಿನವರು ಬಂದಿದ್ದಾರೆ ಎಂದು ಹೆಂಡತಿ ಹೇಳಿದ್ದಕ್ಕೆ ಎದ್ದು, ಎಡಗೈ ಚಾಚಿ ಕೈಕುಲುಕಿದರು. "ಗಾಡೀಲಿ ಬಂದ್ರಾ? ಕುಲುಕಾಟ ಜಾಸ್ತಿ ಆಯ್ತೇನೋ," ಎಂದು ಉಪಚಾರ ಮಾಡಿದರು.

ನಾನು ಉತ್ಸಾಹದಲ್ಲಿ ಒಂದು ಫೋಟೊ ತೆಗೆಯೋಣ, ಇಬ್ಬರೂ ಗಾಡಿಯ ಪಕ್ಕ ನಿಲ್ಲಿ ಎಂದೆ. ಅವರು ಒಪ್ಪಿದರು. ಷೆಡ್ಡಿನ ಕಡೆ ನಾಲ್ಕು ಹೆಜ್ಜೆ ಇಟ್ಟರು. ಬನ್ನಮ್ಮ ಓಡಿಬಂದು ಪಕ್ಕದಲ್ಲಿ ನಿಂತರು. ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದು, ಅಂಬೆಗಾಲಿಡುವ ಮಗುವಿನ ಹಿಂದೆ ತಾಯಿ ನಿಲ್ಲುತ್ತಾಳಲ್ಲ, ಹಾಗೆ ನಿಂತಿದ್ದರು. ಯಜಮಾನರ ಕೈ ಮಡ್‌ಗಾರ್ಡಿನ ಕಡೆ ಅರ್ಧ ಏರಿತು, ಅಲ್ಲೇ ನಿಂತಿತು, ಆಮೇಲೆ ಜೇಬಿಗೆ ಇಳಿಯಿತು. ಫೋಟೊ ಇಲ್ಲೇ ತೆಗೀರಿ ಎಂದರು. ಗಾಡಿಗೂ ಅವರಿಗೂ ಒಂದು ಮೊಳ ಅಂತರ ಇರುವ ಆ ಫೋಟೊವನ್ನೇ ನೀವು ಈ ಪುಟದಲ್ಲಿ ನೋಡುತ್ತಿರುವುದು.

ಅಷ್ಟರಲ್ಲಿ ಬೇಕರಿಯಿಂದ ಫೋನು ಬಂತು. ಹಾಸ್ಟೆಲ್ಲಿಗೆ ಇನ್ನೂ ಎರಡು ಟ್ರೇ ಬನ್ನು ಬೇಕಂತೆ. ನಾನು ಇಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಎಂದೆ. ಬನ್ನಮ್ಮ ಗಾಡಿ ಹೊರಡಿಸಿದರು, ತಿರುವಿನಲ್ಲಿ ಗೇರು ಕರಕರ ಅಂದಿತು.

ಯಜಮಾನರು ಸದ್ದು ಪೂರ್ತಿ ಕರಗುವವರೆಗೆ ಕಾದರು. ಆಮೇಲೆ ಒಳಗೆ ಹೋಗಿ, ಮಂಚದ ಕೆಳಗಿನಿಂದ ಒಂದು ತಗಡಿನ ಡಬ್ಬ ಎಳೆದು ತಂದರು. ಅದರಲ್ಲಿ ಇದ್ದದ್ದು ಒಂದು ಹಳೆಯ ಕಾರ್ಬ್ಯುರೇಟರ್, ಪೂರ್ತಿ ಬಿಚ್ಚಿದ್ದು. ಸ್ಕ್ರೂ, ಸ್ಪ್ರಿಂಗು, ಸೂಜಿ, ಸಣ್ಣ ಸಣ್ಣ ಹಿತ್ತಾಳೆ ಚೂರುಗಳು. ಮೇಜಿನ ಮೇಲೆ ಸುರಿದು, ಎಡಗೈಯಿಂದ ಒಂದೊಂದನ್ನೇ ಹುಡುಕಿ ಜೋಡಿಸತೊಡಗಿದರು. ಬಲಗೈ ಬರೀ ಒತ್ತಿ ಹಿಡಿಯಲು. ನಾನು ಒಂದು ಗ್ಲಾಸು ನೀರು ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಕೂಡಿಬಂದಿತ್ತು.

"ಎಡಗೈಗೆ ಪಾಠ ಹೇಳ್ಕೊಡ್ತಿದೀನಿ," ಎಂದರು. "ಅವಳು ಬ್ರೆಡ್ ಹಾಕೋಕೆ ಹೋದ ಮೇಲೆ ದಿನಾ ಇದೇ ಕೆಲಸ. ಅವಳಿಗೆ ಡ್ರೈವಿಂಗ್ ಕಲಿಸಿದ್ದಕ್ಕಿಂತ ಸುಲಭ ಬಿಡಿ, ಇದು ಎದುರುತ್ತರ ಕೊಡಲ್ಲ."

ನನಗೆ ತಡೆಯಲಾಗಲಿಲ್ಲ. ಹಾಗಾದರೆ ಗಾಡಿ ಯಾಕೆ ಮುಟ್ಟುವುದಿಲ್ಲ, ಆ ಹೆಂಗಸು ಒಂದೂವರೆ ವರ್ಷದಿಂದ ಒಳಗೊಳಗೇ ಬೇಯುತ್ತಿದ್ದಾರೆ, ನಿಮಗೆ ಗೊತ್ತಿಲ್ಲವೇ ಎಂದು ಸ್ವಲ್ಪ ಒರಟಾಗಿಯೇ ಕೇಳಿದೆ.

"ಗೊತ್ತಿಲ್ದೇ ಏನು?" ಎಂದರು. "ಬೆರಳು ಹೋಯ್ತು ಅಂತ ನನಗೆ ಸಿಟ್ಟಿಲ್ಲ ಸರ್. ಗ್ಯಾರೇಜಲ್ಲಿ ಬೆರಳು ಕಳ್ಕೊಂಡೋರು ಎಷ್ಟು ಜನ! ಆ ಡೆಂಟೂ ಬೇಡ, ಗಿಂಟೂ ಬೇಡ, ಹೊಸ ಮಡ್‌ಗಾರ್ಡನ್ನ ಕೈ ಎರಡು ದಿನದಲ್ಲಿ ಕಲಿಯುತ್ತೆ. ಆದ್ರೆ ನಾನು ಗಾಡಿ ಹತ್ರ ಹೋದ ಕೂಡಲೇ ಅವಳು ಬಂದು ನಿಲ್ತಾಳೆ. ಉಸಿರು ಹಿಡ್ಕೊಂಡಿರ್ತಾಳೆ. ನನಗೆ ಕಣ್ಣಿಲ್ಲ, ಕಿವಿ ಇದೆಯಲ್ಲ. ಅವಳ ಉಸಿರು ನಿಂತಿದ್ದು ಕೇಳಿಸುತ್ತೆ, ನನ್ನ ಕೈ ನಡುಗುತ್ತೆ. ನಡುಗೋ ಕೈನ ಎಂಜಿನ್ ಒಳಗೆ ಇಡಬಾರದು. ಇಟ್ಟು, ಮತ್ತೆ ಏನಾದ್ರೂ ಆದ್ರೆ ನನಗಲ್ಲ, ಅವಳಿಗೆ ಆಗೋದು. ಅದಕ್ಕೇ ದೂರ ಇದೀನಿ."

ಈ ಮಾತನ್ನು ಅವರಿಗೇ ಹೇಳಬಾರದೇ ಎಂದೆ.

"ಹೇಳಿದ್ರೆ ಏನು ಮಾಡ್ತಾಳೆ? ಆಯ್ತು ಅಂತಾಳೆ, ಹೋಗಿ ಗೋಡೆ ಹಿಂದೆ ನಿಲ್ತಾಳೆ. ಅಲ್ಲಿ ನಿಂತಿದ್ದೂ ನನಗೆ ಗೊತ್ತಾಗುತ್ತೆ. ಅವಳು ಹೊರಗೆ ಹೋದ್ರೆ ಗಾಡೀನೂ ಹೋಗುತ್ತೆ, ಗಾಡಿ ಮನೇಲಿದ್ರೆ ಅವಳೂ ಇರ್ತಾಳೆ. ನಾವಿಬ್ರೇ, ನಾನೂ ಗಾಡೀನೂ, ಒಂದು ಗಂಟೆ ಕೂತಿಲ್ಲ ನೋಡಿ ಇಷ್ಟು ದಿನ." ಕಾರ್ಬ್ಯುರೇಟರನ್ನು ಮತ್ತೆ ಬಿಚ್ಚಿ ಡಬ್ಬಕ್ಕೆ ಹಾಕತೊಡಗಿದರು. ದನಿ ತಗ್ಗಿಸಿದರು. "ಬೈದುಬಿಡಬೇಕಿತ್ತು ಅವತ್ತೇ. ಆಸ್ಪತ್ರೇಲೇ ನಾಲ್ಕು ಮಾತು ಬೈದಿದ್ರೆ ಅವಳೂ ಅತ್ತು ಮುಗಿಸ್ತಿದ್ಲು. ದೊಡ್ಡ ಮನುಷ್ಯನ ಹಾಗೆ ಸುಮ್ಮನಿದ್ದೆ. ಅದು ನನ್ನ ತಪ್ಪು. ಅವಳದೊಂದು, ನನ್ನದೊಂದು."

ದೂರದಲ್ಲಿ ಗಾಡಿಯ ಗುಡುಗು ಕೇಳಿತು. ಅವರಿಗೆ ನನಗಿಂತ ಮೊದಲೇ ಕೇಳಿರಬೇಕು, ಡಬ್ಬ ಆಗಲೇ ಮಂಚದ ಕೆಳಗೆ ಸೇರಿತ್ತು. ಇದನ್ನೆಲ್ಲ ಬರೆಯುವುದೋ ಬೇಡವೋ ಎಂದು ಕೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

"ಬರೀರಿ," ಎಂದರು. "ಒಂದಕ್ಷರ ಬಿಡದೆ ಬರೀರಿ. ಊರೆಲ್ಲ ಓದಿದ ಮೇಲೆ ಅವಳು ಗೋಡೆ ಹಿಂದೆ ನಿಲ್ಲೋ ಹಾಗಿಲ್ಲ. ಭಾನುವಾರದ ಪೇಪರನ್ನ ನನಗೆ ಓದಿ ಹೇಳೋದು ಅವಳೇ. ಮೊದಲ ಪುಟದಿಂದ ಕೊನೆವರೆಗೆ ಜೋರಾಗಿ ಓದ್ತಾಳೆ, ಮಧ್ಯೆ ನಿಲ್ಸಲ್ಲ. ಇದನ್ನೂ ಅವಳೇ ಓದಬೇಕಾಗುತ್ತೆ. ನಾನು ಎದುರಿಗೇ ಕೂತಿರ್ತೀನಿ. ಕೊನೇಲಿ ಅವಳಿಗೆ ನಾನು ಈಗ ಹೇಳೋ ಮಾತನ್ನ ಹಾಗೇ ಹಾಕಿ."

ಹಾಗೆಯೇ ಹಾಕಿದ್ದೇನೆ:

"ಓದಿದ್ದು ಸಾಕು ಕಣೇ. ಪೇಪರ್ ಮಡಚಿಡು. ಬೀಗದ ಕೈ ನನ್ನ ಕೈಲಿ ಕೊಟ್ಟು, ನಿನ್ನ ತಂಗಿ ಮನೆಗೆ ಹೋಗಿ ಕೂತು ಬಾ. ಗಾಡಿ ಇಲ್ಲೇ ಇರ್ಲಿ. ನಡ್ಕೊಂಡು ಹೋಗು."